ಇನ್ನು ವಾಲ್ವ್ ಮಾರಾಟ ಹೆಸರಿನ ಮೇಲಲ್ಲ, ಅಳತೆಯ ಮೇಲೆ

ಪ್ರಿಯ ಗ್ರಾಹಕರೇ,

ಈ ತಿಂಗಳಿಂದ ನಮ್ಮ ಹಾಸನದ ಅಂಗಡಿಯಲ್ಲಿ ಹಳೆಯ ರೇಡಿಯೊ, ಆಂಪ್ಲಿಫೈಯರುಗಳ ಗಾಜಿನ ವಾಲ್ವ್‌ಗಳ ಪೈಕಿ ಸ್ಪೀಕರಿಗೆ ಶಕ್ತಿ ಕೊಡುವ ಇಎಲ್ 84, ಇಎಲ್ 34ನಂಥ ಔಟ್‌ಪುಟ್ ವಾಲ್ವ್‌ಗಳನ್ನು ಬಿಡಿಯಾಗಿ ಕೊಡುವುದಿಲ್ಲ. ಜೋಡಿಯಾಗಿ ಮಾತ್ರ ಕೊಡುತ್ತೇವೆ. ಪ್ರತಿ ಜೋಡಿಯನ್ನೂ 24 ಗಂಟೆ ಉರಿಸಿ, ಅಳೆದು, ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿರುತ್ತೇವೆ. ಇದರಿಂದ ಬೆಲೆ ಸ್ವಲ್ಪ ಹೆಚ್ಚುತ್ತದೆ, ಕೈಗೆ ಸಿಗಲು ಒಂದು ವಾರ ಬೇಕಾಗುತ್ತದೆ.

ಒಂದೇ ಕಂಪನಿಯ, ಒಂದೇ ಪೆಟ್ಟಿಗೆಯ ಎರಡು ಹೊಸ ವಾಲ್ವ್‌ಗಳೂ ಒಂದೇ ಥರ ಇರುವುದಿಲ್ಲ. ವಾಲ್ವಿನ ಒಳಗೆ ಪ್ಲೇಟು, ಸ್ಕ್ರೀನು, ಗ್ರಿಡ್ ಎಂಬ ಲೋಹದ ಭಾಗಗಳಿರುತ್ತವೆ; ಪ್ಲೇಟು ಎಳೆಯುವ ಕರೆಂಟನ್ನು ಹತೋಟಿಯಲ್ಲಿಡುವುದು ಗ್ರಿಡ್. ಪ್ಲೇಟಿಗೂ ಸ್ಕ್ರೀನಿಗೂ 250 ವೋಲ್ಟ್, ಗ್ರಿಡ್ಡಿಗೆ ಮೈನಸ್ 7.3 ವೋಲ್ಟ್ ಕೊಟ್ಟರೆ ಇಎಲ್ 84ರ ಪ್ಲೇಟ್ 48 ಮಿಲಿಆಂಪ್ ಎಳೆಯಬೇಕು. ಅಲ್ಲಿಗೆ 12 ವಾಟ್, ಅದೇ ಅದರ ಮಿತಿ. ಜೋಡಿಯಲ್ಲಿ ಒಂದು 40, ಇನ್ನೊಂದು 54 ಮಿಲಿಆಂಪ್ ಎಳೆದರೆ ಎರಡನೆಯದು ಮಿತಿ ದಾಟಿ ಬೇಗ ಸವೆಯುತ್ತದೆ. ಜೊತೆಗೆ ಆ ವ್ಯತ್ಯಾಸದ ಕರೆಂಟು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣವನ್ನು ಒಂದೇ ಕಡೆಗೆ ಕಾಂತವಾಗಿಸುತ್ತದೆ. ಆಗ ಮೊದಲು ಕೆಡುವುದು ತಗ್ಗಿನ ಸ್ವರ. ಮೃದಂಗದ ಗುಮ್ಕಿ ಮಂಕಾಗುತ್ತದೆ. ನಮ್ಮ ಜೋಡಿಗಳಲ್ಲಿ ವ್ಯತ್ಯಾಸ 2 ಮಿಲಿಆಂಪ್ ಮೀರುವುದಿಲ್ಲ.

ಇನ್ನು 24 ಗಂಟೆ ಯಾಕೆ? ಒಳಗೆ ಗ್ಯಾಸ್ ಉಳಿದ ವಾಲ್ವ್ ಆನ್ ಮಾಡಿದ ಹೊಸತರಲ್ಲಿ ಅಳತೆಗೆ ಸರಿಯಾಗಿಯೇ ಕಾಣುತ್ತದೆ, ಚೆನ್ನಾಗಿ ಕಾದ ಮೇಲೆ ಕರೆಂಟು ನಿಲ್ಲದೆ ಏರುತ್ತ ಹೋಗಿ ಪ್ಲೇಟು ಕೆಂಪಾಗುತ್ತದೆ. ಗಾಜಿನ ಒಳಮೈಗೆ ಅಂಟಿದಂತೆ ಕಾಣುವ ನೀಲಿ ಬೆಳಕಿಗೆ ಹೆದರಬೇಡಿ, ಅದು ನಿರಪಾಯ. ಪ್ಲೇಟು-ಗ್ರಿಡ್ ನಡುವೆ ನೇರಳೆ ಮಂಜು ಕಂಡರೆ ತಕ್ಷಣ ಸ್ವಿಚ್ ಆಫ್ ಮಾಡಿ. ತುದಿಯ ಬೆಳ್ಳಿ ಕನ್ನಡಿ ಹಾಲಿನಂತೆ ಬಿಳಿಯಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಎಂದೇ ಅರ್ಥ.

ಹಳೆಯ ಸ್ಟಾಕ್ ಬಗ್ಗೆ ತುಂಬಾ ಜನ ಕೇಳುತ್ತೀರಿ. 1961ರಲ್ಲಿ ರೇಡಿಯೊ ವಾಲ್ವ್ ತಯಾರಿಕೆ ಶುರು ಮಾಡಿದ ಬೆಂಗಳೂರಿನ ಬಿಇಎಲ್‌ನ (ಭಾರತ್ ಎಲೆಕ್ಟ್ರಾನಿಕ್ಸ್) ಇಸಿಸಿ 83, ಅಂದರೆ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ, ಒಂದೇ ಗಾಜಿನೊಳಗೆ ಎರಡು ವಾಲ್ವ್ ಇರುವ ಬಗೆ, ಇವತ್ತಿಗೂ ಧಾರಾಳವಾಗಿ ಹಾಕಬಹುದಾದ ವಾಲ್ವ್. ಅದರ ಎರಡೂ ಅರ್ಧಗಳನ್ನು ಬೇರೆಬೇರೆ ಅಳೆಯುತ್ತೇವೆ: 250 ವೋಲ್ಟ್, ಮೈನಸ್ 2 ವೋಲ್ಟಿನಲ್ಲಿ 1.2 ಮಿಲಿಆಂಪ್ ಬರಬೇಕು. ಆಮೇಲೆ ಪೆನ್ಸಿಲ್ಲಿನಿಂದ ಮೆಲ್ಲಗೆ ತಟ್ಟಿ ನೋಡುತ್ತೇವೆ. ಸ್ಪೀಕರಿನಲ್ಲಿ ಗಂಟೆಯಂತೆ ಟಿಣ್ ಎಂದರೆ ಅದನ್ನು ಆಂಪ್ಲಿಫೈಯರಿನ ಮೊದಲ ಹಂತಕ್ಕೆ ಕೊಡುವುದಿಲ್ಲ. ಬಳಸಿದ ಔಟ್‌ಪುಟ್ ವಾಲ್ವ್ ಮಾತ್ರ ಯಾವ ಕಂಪನಿಯದಾದರೂ ಇನ್ನು ಮಾರುವುದಿಲ್ಲ. ಎಷ್ಟು ಆಯಸ್ಸು ಉಳಿದಿದೆ ಎಂದು ಭರವಸೆ ಕೊಡಲು ಆಗುವುದಿಲ್ಲ.

ಹೊಸ ಜೋಡಿ ಹಾಕುವ ಮೊದಲು ಒಂದು ಕೆಲಸ ಮಾಡಲೇಬೇಕು. ಹಳೆಯ ಸೆಟ್ಟುಗಳಲ್ಲಿ ಹಿಂದಿನ ಹಂತದ ಸಿಗ್ನಲ್ಲನ್ನು ಮಾತ್ರ ಬಿಟ್ಟು ಡಿಸಿಯನ್ನು ತಡೆಯುವ ಪೇಪರ್ ಕಪ್ಲಿಂಗ್ ಕೆಪಾಸಿಟರ್ ಸೋರಿದರೆ ಗ್ರಿಡ್ಡಿಗೆ ಪ್ಲಸ್ ವೋಲ್ಟೇಜ್ ಹೋಗಿ ಎಷ್ಟೇ ಒಳ್ಳೆಯ ವಾಲ್ವೂ ಸುಟ್ಟುಹೋಗುತ್ತದೆ. ಇಎಲ್ 84ಗಳನ್ನು ಕಿತ್ತು, ಸೆಟ್ ಆನ್ ಮಾಡಿ, ಸಾಕೆಟ್ಟಿನ 2ನೇ ಪಿನ್ನಿನಲ್ಲಿ (ಅದು ಗ್ರಿಡ್ಡಿನದು) ಡಿಸಿ ಅಳೆಯಿರಿ. ಸೊನ್ನೆ ಇರಬೇಕು. ಅರ್ಧ ವೋಲ್ಟ್ ತೋರಿದರೂ ಹಳೆಯದರಷ್ಟೇ ಮೈಕ್ರೊಫ್ಯಾರಡ್ ಇರುವ, 630 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ. ಒಳಗೆ 300 ವೋಲ್ಟಿಗೂ ಹೆಚ್ಚು ಇರುತ್ತದೆ, ಆಫ್ ಮಾಡಿದ ಮೇಲೂ ನಿಂತಿರುತ್ತದೆ. ಅಭ್ಯಾಸವಿಲ್ಲದವರು ದಯವಿಟ್ಟು ಕೈ ಹಾಕಬೇಡಿ, ಸೆಟ್ ಇಲ್ಲಿಗೇ ತನ್ನಿ.

ಸಕಲೇಶಪುರ, ಮೂಡಿಗೆರೆ ಕಡೆಯವರು ಮಳೆಗಾಲ ಮುಗಿದ ಮೇಲೆ ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿಕೊಳ್ಳಿ. ಪಂಪ್‌ಸೆಟ್ ನಿಂತ ಮೇಲೆ ರಾತ್ರಿ ಲೈನು 250ಕ್ಕೆ ಏರುವ ಊರುಗಳಲ್ಲಿ, 230ಕ್ಕೆ ಲೆಕ್ಕ ಹಾಕಿದ, ವಾಲ್ವನ್ನು ಒಳಗಿನಿಂದ ಕಾಯಿಸುವ 6.3 ವೋಲ್ಟಿನ ಹೀಟರಿಗೆ ಸುಮಾರು 6.85 ಬೀಳುತ್ತದೆ. ಅಂಥಲ್ಲಿ ಸ್ಟೆಬಿಲೈಸರ್ ಇರಲೇಬೇಕು.

ಚೀಟಿ ಇರುವ ಜೋಡಿಗೆ 6 ತಿಂಗಳ ಗ್ಯಾರಂಟಿ. ಮೊದಲು ನಮ್ಮಲ್ಲಿ ಬಿಡಿಯಾಗಿ ಕೊಂಡವರು ವಾಲ್ವ್ ತಂದರೆ ಉಚಿತವಾಗಿ ಅಳೆದುಕೊಡುತ್ತೇವೆ. ತರುವಾಗ ಯಾವುದು ಯಾವ ಸಾಕೆಟ್ಟಿನಲ್ಲಿತ್ತು ಎಂದು ಗುರುತು ಹಾಕಿರಿ.

ಇಂತಿ,
ಅಂಗಡಿಯ ಎಲ್ಲರ ಪರವಾಗಿ
ಹಾಸನ