ಸಾಕಲಾಗದ ತಟ್ಟು ಕುದುರೆ: ಸಂತೆಗೆ ಅಟ್ಟುವ ಮುನ್ನ

ಮಾನ್ಯ ಸಂಪಾದಕರೇ,

ತಮಿಳು ಪಂಚಾಂಗದ ಆಡಿ ತಿಂಗಳ ಅಂದಿಯೂರು ಗುರುನಾಥಸ್ವಾಮಿ ಜಾತ್ರೆ ಎಂದರೆ ನಮ್ಮ ತಾಳವಾಡಿ ಸೀಮೆಯವರಿಗೆ ಮೊದಲು ನೆನಪಾಗುವುದು ಅಲ್ಲಿನ ಕುದುರೆ ಸಂತೆ. ಮನೆಯಲ್ಲಿ ಸಾಕಲು ಕೈಲಾಗದ ತಟ್ಟು ಕುದುರೆಯೊಂದಿದ್ದರೆ ‘ಅಲ್ಲಿಗೆ ಸಾಗಿಸಿ ಬಂದಷ್ಟಕ್ಕೆ ಕೊಟ್ಟುಬಿಡು’ ಎನ್ನುವವರೇ ಹೆಚ್ಚು. ಆರೋಗ್ಯ ಕೆಟ್ಟ, ಕಚ್ಚುವ, ಒದೆಯುವ ಕುದುರೆಗೆ ಇದರಷ್ಟು ಕೆಟ್ಟ ದಾರಿ ಇನ್ನೊಂದಿಲ್ಲ. ಅಗ್ಗಕ್ಕೆ ಕೊಂಡವನು ದುಡಿಸಲೆಂದೇ ಕೊಂಡಿರುತ್ತಾನೆ. ದುಡಿಯದಿದ್ದರೆ ಹೊಡೆತ, ಆಮೇಲೆ ಮತ್ತೊಂದು ಕೈ. ಅದರ ಮುಂದಿನ ಗತಿಯನ್ನು ಸಾಕಿದವರೇ ತಮ್ಮ ಲಾಯದಲ್ಲಿ ನಿಂತು ತೀರ್ಮಾನಿಸಬೇಕು.

ನಾವು ಪೊಗರು ಎನ್ನುವುದರಲ್ಲಿ ಬಹುಪಾಲು ನೋವೇ ಇರುತ್ತದೆ. ಜೀನಿನ ಪಟ್ಟಿ ಬಿಗಿಯುವಾಗ ಮಾತ್ರ ಕಚ್ಚಲು ಬರುತ್ತದೆಯೇ? ಬೆನ್ನುಮೂಳೆಯ ಎರಡೂ ಬದಿ ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಬನ್ನಿ. ಚರ್ಮ ಅದುರಿ ಬೆನ್ನು ಕುಸಿದರೆ ಜೀನು ಒತ್ತಿ ನೋಯಿಸಿದ ಜಾಗ ಅಲ್ಲಿದೆ. ಹೊಟ್ಟೆಯ ಹುಣ್ಣಿಗೂ ಇದೇ ಲಕ್ಷಣ. ಮೇವಿಲ್ಲದಾಗಲೂ ಕುದುರೆಯ ಜಠರದಲ್ಲಿ ಆಮ್ಲ ಊರುತ್ತಲೇ ಇರುವುದರಿಂದ, ಗಂಟೆಗಟ್ಟಲೆ ಬರಿಹೊಟ್ಟೆಯಲ್ಲಿ ಕಟ್ಟಿದ ಕುದುರೆಗೆ ಹುಣ್ಣು ಬೇಗ ಬರುತ್ತದೆ. ಕಡಿವಾಣ ಎಳೆದಾಗ ತಲೆ ಒದರಿದರೆ ದವಡೆ ಹಲ್ಲು ನೋಡಿಸಿ. ಮೇಲಿನ ಸಾಲು ಕೆನ್ನೆಯ ಕಡೆಗೆ, ಕೆಳಗಿನ ಸಾಲು ನಾಲಿಗೆಯ ಕಡೆಗೆ ಚೂಪಾಗಿ ಕೊರೆಯುತ್ತದೆ. ಅರ್ಧ ಅಗಿದ ಹುಲ್ಲಿನ ಉಂಡೆ ಕೆಳಗೆ ಬಿದ್ದಿದ್ದರೆ, ಲದ್ದಿಯಲ್ಲಿ ಉದ್ದುದ್ದ ಎಳೆ ಕಂಡರೆ ಅನುಮಾನವೇ ಬೇಡ. ಪಶುವೈದ್ಯರು ಅರ ಹಾಕಿ ಉಜ್ಜಿದರೆ ಎಷ್ಟೋ ‘ಹಟಮಾರಿ’ಗಳು ತಿನ್ನಲೂ ತೊಡಗುತ್ತವೆ, ಮಾತೂ ಕೇಳುತ್ತವೆ. ಬೀಜ ತೆಗೆಸದ ಗಂಡಾಗಿದ್ದರೆ ಅದೂ ಒಂದು ಕಾರಣ. ಧನುರ್ವಾಯು ಲಸಿಕೆ ಹಾಕಿಸಿದ ಮೇಲೆಯೇ ಆ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಗುಣ ಬದಲಾಗಲು ಕೆಲವು ತಿಂಗಳು ಹಿಡಿಯುತ್ತದೆ.

ಕಾಲಿನ ವಿಷಯದಲ್ಲಿ ಆತುರ ಬೇಡ. ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಬಹುಕಾಲ ಬಿಟ್ಟು ಬೆಳೆದ ಗೊರಸನ್ನು ಒಂದೇ ದಿನ ಸರಿಮಾಡಹೋದರೆ ಕಾಲಿನ ಸ್ನಾಯುರಜ್ಜುಗಳ ಮೇಲೆ ಎಳೆತ ಬಿದ್ದು ಕುಂಟು ಹೆಚ್ಚುತ್ತದೆ. ನಾಲ್ಕು ವಾರಕ್ಕೊಮ್ಮೆ ಸ್ವಲ್ಪಸ್ವಲ್ಪವೇ ತೆಗೆಸಿ. ಮುಂಗಾಲು ಚಾಚಿ, ಭಾರವೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದು, ಗೊರಸು ಬಿಸಿಯಾಗಿ, ಅದರ ಮೇಲಿನ ಗಂಟಿನ ಹಿಂದೆ ನಾಡಿ ಜೋರಾಗಿ ಬಡಿಯುತ್ತಿದ್ದರೆ ಅದು ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಪದರದ ಉರಿಯೂತ. ಕಾಳು ಅತಿಯಾಗಿ ತಿಂದ ತಟ್ಟುಗಳಲ್ಲಿ ಇದು ಸಾಮಾನ್ಯ. ಕಾಳು ನಿಲ್ಲಿಸಿ, ಮೆತ್ತನೆಯ ಮರಳಿನ ಮೇಲೆ ನಿಲ್ಲಿಸಿ, ಅಂದೇ ವೈದ್ಯರನ್ನು ಕರೆಸಬೇಕು. ಒಳಗಿನ ಮೂಳೆ ತಿರುಗಿ ಅಂಗಾಲನ್ನು ತೂರಿ ಹೊರಬಂದಿದ್ದರೆ ಗುಣವಾಗುವ ಆಸೆ ತೀರಾ ಕಡಿಮೆ.

ಬಡಕಲಾಗಿದ್ದರೆ ಮೊದಲು ತೂಕ ಅಂದಾಜು ಮಾಡಿ. ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ಹೆಗಲ ಮೊನೆಯಿಂದ ಪೃಷ್ಠದ ಮೊನೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,900ರಿಂದ ಭಾಗಿಸಿ. ಸುತ್ತಳತೆ 140, ಉದ್ದ 130 ಇದ್ದರೆ ಸುಮಾರು 214 ಕೆ.ಜಿ. ಹುಳುವಿನ ಔಷಧದ ಪ್ರಮಾಣ ನಿರ್ಧಾರವಾಗುವುದೂ ಈ ತೂಕದ ಮೇಲೆಯೇ. ಹಸಿದು ಸೊರಗಿದ ಕುದುರೆಗೆ ಕನಿಕರದಿಂದ ಒಮ್ಮೆಲೇ ಬೋಗುಣಿ ತುಂಬ ಹುರುಳಿ ಇಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ರಕ್ತದಲ್ಲಿ ರಂಜಕ (ಫಾಸ್ಫರಸ್) ದಿಢೀರ್ ಕುಸಿದು ಕೆಲವೇ ದಿನಗಳಲ್ಲಿ ಸಾಯಬಹುದು. ಈ ತೂಕದ ಕುದುರೆಗೆ ಮೊದಲ ಮೂರು ದಿನ ಒಣಗಿಸಿದ ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ನಾಲ್ಕು ಗಂಟೆಗೊಮ್ಮೆ ಕಾಲು ಕೆ.ಜಿ.ಯಂತೆ ಕೊಟ್ಟು, ಆಮೇಲೆ ನಿಧಾನವಾಗಿ ಏರಿಸಿ. ಚೇತರಿಸಿಕೊಂಡ ಮೇಲೆ ದಿನಕ್ಕೆ ತೂಕದ ನೂರಕ್ಕೆ ಎರಡರಷ್ಟು ಒಣಮೇವು ಸಾಕು. ನಮ್ಮಲ್ಲಿ ಹಸುಗಳಿಗೆಂದು ಬೆಳೆದ ನೇಪಿಯರ್ ಹುಲ್ಲು, ಜೊತೆಗೆ ಗೋಧಿ ಬೂಸಾ, ಇಷ್ಟನ್ನೇ ಕುದುರೆಗೂ ಹಾಕುವುದುಂಟು. ಆ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ರಾಸಾಯನಿಕವು ಸುಣ್ಣದ ಅಂಶವನ್ನು (ಕ್ಯಾಲ್ಸಿಯಂ) ದೇಹಕ್ಕೆ ಸೇರಗೊಡದು. ಬೂಸಾದಲ್ಲಿ ರಂಜಕ ಅತಿ. ದೇಹ ಮೂಳೆಯಿಂದಲೇ ಸುಣ್ಣ ಕರಗಿಸಿಕೊಳ್ಳುತ್ತದೆ. ಮುಖದ ಮೂಳೆ ಊದಿ, ಕಾಲು ಬದಲಾಯಿಸಿ ಬದಲಾಯಿಸಿ ಕುಂಟುತ್ತದೆ. ಮೇವು ಬದಲಿಸಿ ಕ್ಯಾಲ್ಸಿಯಂ ಕೊಟ್ಟರೆ ಈ ಕುಂಟು ಎಷ್ಟೋ ಮಟ್ಟಿಗೆ ಇಳಿಯುತ್ತದೆ.

ಬಿಟ್ಟುಬಿಟ್ಟು ಜ್ವರ, ಹೊಟ್ಟೆಯಡಿ ಬಾವು ಇದ್ದರೆ ಕುದುರೆ ನೊಣದಿಂದ ಹರಡುವ ಸರ್ರಾ ರೋಗಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಮೂಗಿನೊಳಗೆ ಹುಣ್ಣು, ಅಂಟು ಸಿಂಬಳ, ಕಾಲಿನುದ್ದಕ್ಕೂ ಗಂಟು ಕಂಡರೆ ಗ್ಲ್ಯಾಂಡರ್ಸ್ ಇರಬಹುದು. ಅದು ಮನುಷ್ಯರಿಗೂ ಅಂಟುವ ರೋಗ. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಗುತ್ತದೆ; ಖಚಿತವಾದರೆ ಚಿಕಿತ್ಸೆಯ ಮಾತಿಲ್ಲ, ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆಯಂತೆ ಕುದುರೆಯನ್ನು ಕೊನೆಗಾಣಿಸಲೇಬೇಕು. ಫಲಿತಾಂಶ ಬರುವವರೆಗೆ ಅದನ್ನು ಎಲ್ಲಿಗೂ ಸಾಗಿಸಬೇಡಿ.

ಇಷ್ಟೆಲ್ಲ ಮಾಡಿ ಎರಡು ಮೂರು ತಿಂಗಳು ಕಾದ ಮೇಲೆ ಚಿತ್ರ ಸ್ಪಷ್ಟವಾಗುತ್ತದೆ. ನೋವು ತಗ್ಗಿ ಗುಣ ಸುಧಾರಿಸಿದ ಕುದುರೆಯನ್ನು ಬೇರೆಯವರಿಗೆ ಕೊಡಬಹುದು, ಆದರೆ ಕುದುರೆ ಬಲ್ಲವರಿಗೆ ಮಾತ್ರ. ಅವರ ಜಾಗ, ನೆರಳು, ನೀರು ಕಣ್ಣಾರೆ ನೋಡಿ. ಅದರ ಕಾಯಿಲೆ, ಕಚ್ಚುವ ಚಾಳಿ, ಸವಾರಿಗೆ ಬಾರದೆಂಬುದು ಎಲ್ಲವನ್ನೂ ಛಾಪಾ ಕಾಗದದಲ್ಲಿ ಬರೆಸಿ. ಮುಂದೆ ಅವರಿಗೂ ಬೇಡವಾದರೆ ಮೊದಲು ನಿಮಗೇ ತಿಳಿಸಬೇಕೆಂಬ ಷರತ್ತೂ ಇರಲಿ. ಚಾಳಿಯನ್ನು ಮುಚ್ಚಿಟ್ಟು ಮಕ್ಕಳಿರುವ ಮನೆಗೆ ಕೊಡುವುದು ದ್ರೋಹ.

ಗುಣವಾಗದ ನೋವಿದ್ದರೆ, ಅಥವಾ ಯಾರೂ ಹತ್ತಿರ ಹೋಗಲಾರದಷ್ಟು ಅಪಾಯಕಾರಿಯಾಗಿದ್ದರೆ, ಪಶುವೈದ್ಯರ ಕೈಯಿಂದ ಮತ್ತಿನ ಮದ್ದು ಕೊಡಿಸಿ ನೋವಿಲ್ಲದೆ ಕಳಿಸಿಕೊಡುವುದು ಪಾಪವಲ್ಲ. ಇದನ್ನು ಬಾಯಿಬಿಟ್ಟು ಹೇಳಲು ಜನ ಹಿಂಜರಿಯುತ್ತಾರೆ. ಅದೇ ಜನ ದಿಂಬಂ ರಸ್ತೆಯ ಬದಿಗೆ ಕುದುರೆ ಬಿಟ್ಟು ಬರಲು ಹಿಂಜರಿಯುವುದಿಲ್ಲ. ಸತ್ಯಮಂಗಲ ಹುಲಿ ಮೀಸಲು ಪ್ರದೇಶದ ನಡುವಿನ ನಮ್ಮ ಊರುಗಳಲ್ಲಿ ಹಾಗೆ ಬಿಟ್ಟ ಕುಂಟು ಕುದುರೆ ಚಿರತೆಯನ್ನು ಹಟ್ಟಿಯ ಬಾಗಿಲಿಗೇ ಕರೆತರುತ್ತದೆ. ಹಸಿವು, ಬಾಯಾರಿಕೆಗೆ ಈಡುಮಾಡಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಮೊದಲ ಬಾರಿಗೆ ದಂಡ 10ರಿಂದ 50 ರೂಪಾಯಿ ಮಾತ್ರ ಎಂಬುದು ಕಾಯ್ದೆಯ ನಾಚಿಕೆಗೇಡು.

ಕೊನೆಗಾಣಿಸುವ ದಿನಕ್ಕೆ ಮೊದಲೇ ಗುಂಡಿ ಸಿದ್ಧವಿರಲಿ. ಬಾವಿ, ಹಳ್ಳದಿಂದ ದೂರ, ಎಂಟು ಅಡಿ ಆಳ. ಗುಂಡಿಯ ಪಕ್ಕದಲ್ಲೇ ಮದ್ದು ಕೊಡಿಸಿದರೆ ಎಳೆದಾಡುವ ಕಷ್ಟವಿಲ್ಲ. ಹೆಣವನ್ನು ಬಯಲಿಗೆ ಎಸೆಯಲೇಬಾರದು. ಮೋಯಾರ್ ಕಣಿವೆಯಲ್ಲಿ ಅಳಿದುಳಿದ ರಣಹದ್ದುಗಳಿವೆ. ಕೊನೆಗಾಣಿಸಲು ಕೊಡುವ ಪೆಂಟೊಬಾರ್ಬಿಟಾಲ್ ಮದ್ದು ಹೋದ ದೇಹವನ್ನು ತಿಂದರೆ ಅವೂ ಸಾಯುತ್ತವೆ. ಜಾನುವಾರುಗಳಿಗೆ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಕೊಡುವುದನ್ನು 2006ರಲ್ಲೇ ನಿಷೇಧಿಸಿದ್ದು ಈ ಹದ್ದುಗಳಿಗಾಗಿಯೇ. ನೋವಿನ ಮದ್ದು ಬರೆಸಿಕೊಳ್ಳುವಾಗ ಹದ್ದುಗಳಿಗೆ ಹಾನಿಮಾಡದ ಮೆಲೋಕ್ಸಿಕಾಮ್ ಆದೀತೇ ಎಂದು ವೈದ್ಯರನ್ನು ಕೇಳಿ.

ಪಶುಸಂಗೋಪನಾ ಇಲಾಖೆಯವರು ಅಂದಿಯೂರು ಜಾತ್ರೆಗೆ ಒಂದು ತಿಂಗಳು ಮುಂಚೆಯೇ ತಾಳವಾಡಿಯಲ್ಲಿ ಕುದುರೆಗಳ ಹಲ್ಲು, ಗೊರಸು, ರಕ್ತ ಪರೀಕ್ಷೆಯ ಶಿಬಿರ ನಡೆಸಬೇಕು. ಆರೋಗ್ಯಪತ್ರವಿಲ್ಲದ ಕುದುರೆಯನ್ನು ಸಂತೆಯೊಳಗೆ ಬಿಡಬಾರದು. ಜೆಸಿಬಿ ಬಾಡಿಗೆ ಕೊಡಲಾಗದ ಬಡವರಿಗೆ ಗುಂಡಿ ತೋಡಿಸಿಕೊಡುವ ಹೊಣೆಯನ್ನು ಪಂಚಾಯಿತಿ ಹೊರಬೇಕು.

– ಕುದುರೆ ಸಾಕಣೆದಾರರೊಬ್ಬರು
ತಾಳವಾಡಿ, ಈರೋಡು ಜಿಲ್ಲೆ