ಸರ್ವರ್ ಕೊಠಡಿಗೆ ಇನ್ನೊಂದು ಎಸಿ ಹಾಕುವ ಮುನ್ನ

ಮಾನ್ಯರೇ,

ವಿಜಯಪುರ, ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟಿ ಕಾಲೇಜು, ಬ್ಯಾಂಕ್, ಆಸ್ಪತ್ರೆಗಳ ಸರ್ವರ್ ಕೊಠಡಿ ಕಾದಾಗ ಎಲ್ಲರಿಗೂ ಹೊಳೆಯುವ ಪರಿಹಾರ ಇನ್ನೊಂದು ಎಸಿ. ಬಹಳ ಕಡೆ ಎಸಿ ಸಾಕಷ್ಟಿರುತ್ತದೆ, ಗಾಳಿ ಮಾತ್ರ ದಾರಿ ತಪ್ಪಿರುತ್ತದೆ. ಗಾಳಿ ಹರಿವಿನ ಕಂಪ್ಯೂಟರ್ ಸಿಮ್ಯುಲೇಷನ್ ಇದನ್ನು ಖರ್ಚಿಗೆ ಮೊದಲೇ ತೋರಿಸುತ್ತದೆ.

ಸರ್ವರ್ ಒಳಹೊಕ್ಕ ಗಾಳಿ 11 ಡಿಗ್ರಿ ಹೆಚ್ಚು ಬಿಸಿಯಾಗಿ ಹೊರಬರುವುದಾದರೆ 1 ಕಿಲೋವ್ಯಾಟ್ ಲೋಡಿಗೆ ನಿಮಿಷಕ್ಕೆ ಸುಮಾರು 160 ಘನ ಅಡಿ ಗಾಳಿ ಬೇಕು. ಸರ್ವರ್‌ಗಳನ್ನು ಜೋಡಿಸಿಟ್ಟ 5 ಕಿಲೋವ್ಯಾಟ್ ರ‍್ಯಾಕಿಗೆ 800. ಅಷ್ಟು ಸಿಗದಿದ್ದರೆ ಸರ್ವರ್ ಫ್ಯಾನ್ ಹಿಂದಿನ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತದೆ, ಸಾಮಾನ್ಯವಾಗಿ ರ‍್ಯಾಕಿನ ಮೇಲ್ತುದಿಯ ಸರ್ವರ್ ಮೊದಲು ಕಾಯುತ್ತದೆ. ಖಾಲಿ ಜಾಗಕ್ಕೆ ಬ್ಲ್ಯಾಂಕಿಂಗ್ ಪ್ಯಾನೆಲ್ (ಗಾಳಿ ತಡೆಯುವ ಮುಚ್ಚುಹಲಗೆ) ಹಾಕಿ, ಕೇಬಲ್ ತೂತು ಮುಚ್ಚುವುದು ಅಗ್ಗದ ಮದ್ದು. ಎತ್ತರಿಸಿದ ನೆಲದಡಿಯಿಂದ ತಂಪು ಬಿಡುವಲ್ಲಿ ಎಸಿಗೆ ತೀರ ಹತ್ತಿರದ ತೂತಿನ ಟೈಲ್ ಮೋಸ ಮಾಡುತ್ತದೆ: ಅಲ್ಲಿ ಗಾಳಿಯ ವೇಗ ಹೆಚ್ಚು, ಒತ್ತಡ ಕಡಿಮೆ. ಕೆಲವೊಮ್ಮೆ ಕೊಠಡಿಯ ಗಾಳಿಯೇ ಆ ತೂತಿನಿಂದ ಕೆಳಗಿಳಿಯುತ್ತದೆ.

ಕಟ್ಟಡದ ನಕ್ಷೆಯನ್ನಷ್ಟೇ ನೋಡಿ ಮಾಡಿದ ಸಿಮ್ಯುಲೇಷನ್ ಮಾದರಿಯನ್ನು ದಯವಿಟ್ಟು ಒಪ್ಪಬೇಡಿ. ನೆಲದಡಿಯ ಕೇಬಲ್ ಕಟ್ಟುಗಳೂ ಅದರಲ್ಲಿರಬೇಕು. ಸರ್ವರ್ ನಾಮಫಲಕದ ವ್ಯಾಟ್ ಬಿಟ್ಟು ಪಿಡಿಯು (ಸರ್ವರ್‌ಗಳಿಗೆ ವಿದ್ಯುತ್ ಹಂಚುವ ಘಟಕ) ತೋರಿಸುವ ನಿಜ ಲೋಡ್ ಹಾಕಬೇಕು. ರ‍್ಯಾಕಿನ ಮುಂದೆ ಕೆಳಗೆ, ನಡುವೆ, ಮೇಲೆ ಉಷ್ಣಾಂಶ ಅಳೆದು ತಾಳೆ ನೋಡಬೇಕು; ಒಳಹೋಗುವ ಗಾಳಿಗೆ ಆಶ್ರೇ (ಹವಾನಿಯಂತ್ರಣ ಎಂಜಿನಿಯರುಗಳ ಅಮೆರಿಕದ ಸಂಸ್ಥೆ) ಶಿಫಾರಸು 18ರಿಂದ 27 ಡಿಗ್ರಿ. ಕರೆಂಟ್ ಹೋಗಿ ಸರ್ವರ್ ಯುಪಿಎಸ್ ಮೇಲೆ ನಡೆಯುತ್ತಿರುವಾಗ ಎಸಿ ನಿಂತರೆ ಸರ್ವರ್ ಮಿತಿಮೀರಿ ಕಾಯುವ ಮುನ್ನ ಎಷ್ಟು ನಿಮಿಷ ಕೈಯಲ್ಲಿರುತ್ತದೆ? ಈ ಲೆಕ್ಕವನ್ನೂ ಟೆಂಡರಿನಲ್ಲೇ ಕೇಳಿ ಪಡೆಯಬೇಕು.

– ಸರ್ವರ್ ಕೊಠಡಿ ನಿರ್ವಹಣೆಯ ತಂತ್ರಜ್ಞರು, ವಿಜಯಪುರ