ಪ್ರತಿಭಟನೆಗೆ ಹೊರಟ ಮಗನಿಗೆ

ಪ್ರೀತಿಯ ಮಗನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕಾಲೇಜಿನವರ ಜೊತೆ ಪ್ರತಿಭಟನೆಗೆ ಹೊರಟಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಅತ್ತಳು. ಹೋಗಬೇಡ ಅನ್ನೋಕೆ ಈ ಕಾಗದ ಬರೆಯುತ್ತಿಲ್ಲ. ನಾನೂ ಹೋದವಳೇ.

2016ರ ಏಪ್ರಿಲ್ 18. ಬೆಂಗಳೂರಿನ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದೆ. ಪಿಎಫ್‌ನಲ್ಲಿ ಮಾಲೀಕರು ಕಟ್ಟುವ ಪಾಲು 58 ವರ್ಷ ಆಗೋವರೆಗೂ ಕೈಗೆ ಬರೋದಿಲ್ಲ ಅಂತ ಕೇಂದ್ರ ಸರ್ಕಾರ ಫೆಬ್ರವರಿಯಲ್ಲೇ ನಿಯಮ ಮಾಡಿತ್ತು. ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನಲವತ್ತಕ್ಕೇ ಬೆನ್ನುನೋವು ಹಿಡಿದು ಕೆಲಸ ಬಿಡುವವರು ನಾವು. ಮಗಳ ಮದುವೆ, ಚೀಟಿ, ಸಾಲ, ಎಲ್ಲಾ ಲೆಕ್ಕ ಆ ದುಡ್ಡಿನ ಮೇಲೇ ಇತ್ತು. ಊಟದ ಡಬ್ಬಿ ಮೆಷಿನ್ ಪಕ್ಕದಲ್ಲೇ ಬಿಟ್ಟು ಹೊಸೂರು ರಸ್ತೆಗೆ ಇಳಿದೆವು. ಲೀಡರ್ ಅಂತ ಒಬ್ಬರೂ ಇರಲಿಲ್ಲ. ಅದೇ ನಮ್ಮ ಹೆಮ್ಮೆ, ಕೊನೆಗೆ ಅದೇ ಕುತ್ತಿಗೆಗೆ ಬಂತು. ಪೊಲೀಸರಿಗೆ ಯಾರ ಹತ್ತಿರ ಮಾತಾಡಬೇಕೋ ಗೊತ್ತಿಲ್ಲ. 'ಸಾಕು, ಏಳಿ' ಅನ್ನೋಕೆ ನಮ್ಮಲ್ಲೂ ಯಾರಿಲ್ಲ.

ಮಾರನೇ ದಿನ ಬಸ್ಸುಗಳು ಸುಟ್ಟವು. ಹೆಬ್ಬಗೋಡಿ ಠಾಣೆ ಹತ್ತಿರ ವಾಹನಗಳಿಗೆ ಬೆಂಕಿ ಬಿತ್ತು. ನಾನು ಕಣ್ಣಾರೆ ಕಂಡದ್ದು ಮುಖಕ್ಕೆ ಕರ್ಚೀಫ್ ಕಟ್ಟಿದ ಹುಡುಗರನ್ನ. ಒಬ್ಬನ ಕೊರಳಲ್ಲೂ ಐಡಿ ಕಾರ್ಡ್ ಇಲ್ಲ. ಕಲ್ಲು ಬೀಸಿದರು. ಲಾಠಿ ಎದ್ದಾಗ ಸಂದಿಗೆ ನುಗ್ಗಿ ಮಾಯ. ಸೀರೆ ಉಟ್ಟ ನಾವು ಎಲ್ಲಿಗೆ ಓಡೋದು? ರಸ್ತೆ ತುಂಬ ಹೆಂಗಸರ ಚಪ್ಪಲಿ. ನಾನು ಒಂದೇ ಕಾಲಿನ ಚಪ್ಪಲಿಯಲ್ಲಿ ಮನೆ ಸೇರಿದೆ.

ಹೊರಗಿನವರು ಮಾಡಿದ್ದು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನಾನೂ ಎಷ್ಟೋ ವರ್ಷ ಅದನ್ನೇ ಹೇಳಿದೆ. ಆದರೆ ಮೊದಲ ಗಾಜು ಒಡೆದಾಗ ನಮ್ಮ ಲೈನಿನವರೇ ಕೇಕೆ ಹಾಕಿದರು. ನಾನೂ ಚಪ್ಪಾಳೆ ತಟ್ಟಿದೆ ಕಣೋ. ಹೊಗೆ ಕಂಡಮೇಲೆ ಕೈ ನಿಂತಿತು.

ಸರ್ಕಾರಕ್ಕೆ ಏನನ್ನೋಣ? ಫೆಬ್ರವರಿಯ ಆ ನಿಯಮವನ್ನ 19ರ ಸಂಜೆಯೇ ವಾಪಸ್ ತಗೊಂಡರು! ಬೆಂಕಿ ಬಿದ್ದರೇನೇ ಕೆಲಸ ಆಗೋದು ಅಂತ ಅವರೇ ಕಲಿಸಿಕೊಟ್ಟ ಹಾಗಾಯಿತು. ಅವರ ತಪ್ಪೇ ಜಾಸ್ತಿ ಅಂತ ನನ್ನ ಲೆಕ್ಕ. ಆದರೆ ಕೇಸು ಬೀಳೋದು ಕೈಗೆ ಸಿಕ್ಕವರ ಮೇಲೆ.

ಹೋಗು. ಅಕ್ಕಪಕ್ಕದವರ ಹೆಸರು ಗೊತ್ತಿರಲಿ. ಎಷ್ಟು ಗಂಟೆಗೆ ಮುಗಿಸೋದು ಅಂತ ಮೊದಲೇ ಮಾತಾಡಿಕೊಳ್ಳಿ. ಯಾರಾದರೂ ಕಲ್ಲು ಎತ್ತಿದರೆ ಎಲ್ಲರೂ ಕೂತುಬಿಡಿ, ನಿಂತವನೊಬ್ಬನೇ ಕಾಣಲಿ. ಸುಮ್ನೆ ವಿಡಿಯೋ ಮಾಡುತ್ತಾ ನಿಲ್ಲಬೇಡ.

ಚಪ್ಪಲಿ ಬೇಡ, ಶೂ ಹಾಕಿಕೋ. ಸಂಜೆ ಅಮ್ಮನಿಗೆ ಫೋನ್ ಮಾಡು.

ನಿನ್ನ ದೊಡ್ಡಮ್ಮ